ರೊಟ್ಟಿ ಬಡಿಯದ ಮನೆಯೂ ಮನೆಯೇ

ಮಾನ್ಯ ಸಂಪಾದಕರೆ,

ನಮ್ಮ ಕಡೆ ಮನೆಗಳಲ್ಲಿ ಬೆಳಿಗ್ಗೆ ಕೇಳುತ್ತಿದ್ದ ಜೋಳದ ರೊಟ್ಟಿ ಬಡಿಯುವ ಸದ್ದು ನಿಂತುಹೋಗುತ್ತಿದೆ, ಈಗಿನ ಹೆಣ್ಣುಮಕ್ಕಳಿಗೆ ಅದು ಬೇಡವಾಗಿದೆ, ಹೀಗೇ ಆದರೆ ನಮ್ಮತನ ಉಳಿಯುವುದಿಲ್ಲ ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ನೋವು ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪತ್ರದಲ್ಲಿ ರೊಟ್ಟಿ ತಿನ್ನುವವರ ಮಾತು ಇತ್ತು, ಬಡಿಯುವವರ ಮಾತು ಇರಲಿಲ್ಲ. ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗಿನಿಂದ ಕೂಡು ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಬಡಿದವಳು ನಾನು. ಈಗ ನಮ್ಮ ಮನೆಯಲ್ಲಿ ದಿನಾ ಬಡಿಯುವುದಿಲ್ಲ, ಕೊಂಡು ತರುತ್ತೇವೆ. ಇದರಲ್ಲಿ ಯಾರ ತಪ್ಪೂ ಇಲ್ಲ ಅನ್ನುವುದನ್ನೇ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಕೆಲಸ ಎಂಥದ್ದು ಅಂತ ಹೇಳುತ್ತೇನೆ, ಯಾಕೆಂದರೆ ತಟ್ಟೆಗೆ ಬಿದ್ದ ಬಿಸಿ ರೊಟ್ಟಿ ನೋಡಿದವರಿಗೆ ಅದರ ಹಿಂದಿನದು ಕಾಣುವುದಿಲ್ಲ. ಗೋದಿ ಹಿಟ್ಟಿನಲ್ಲಿ ಅಂಟು ಇರುತ್ತದೆ, ತಣ್ಣೀರು ಹಾಕಿದರೂ ಕೂಡಿಕೊಳ್ಳುತ್ತದೆ, ಲಟ್ಟಣಿಗೆ ಹಾಕಿದರೆ ಎಳೆದತ್ತ ಬರುತ್ತದೆ. ಜೋಳದ ಹಿಟ್ಟಿನಲ್ಲಿ ಆ ಅಂಟು ಇಲ್ಲ. ಅದಕ್ಕೇ ಎಸರು ಕುದಿಯಬೇಕು, ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿಯಬೇಕು, ಬಿಸಿ ಆರುವ ಮೊದಲೇ ಕೈ ಹಾಕಿ ನಾದಬೇಕು. ಆರಿದರೆ ಹಿಟ್ಟು ಕೂಡುವುದಿಲ್ಲ, ಬಡಿಯುವಾಗ ಅಂಚು ಹರಿಯುತ್ತದೆ. ಹೊಸದಾಗಿ ಕಲಿಯುವ ಹುಡುಗಿಯ ಬೆರಳು ಸುಡುವುದು ಇಲ್ಲೇ. ಆಮೇಲೆ ಒಂದೊಂದೇ ಉಂಡೆ ಹಿಡಿದು, ಒಣ ಹಿಟ್ಟು ಚೆಲ್ಲಿ, ಬಲಗೈಯಿಂದ ಬಡಿಯುತ್ತ ಎಡಗೈಯಿಂದ ತಿರುಗಿಸುತ್ತ ಹೋಗಬೇಕು. ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಬೇಕು, ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು, ನೀರು ಆರುತ್ತಲೇ ಮಗುಚಬೇಕು, ಅಷ್ಟರಲ್ಲಿ ಮುಂದಿನ ರೊಟ್ಟಿ ಅರ್ಧ ಬಡಿದಾಗಿರಬೇಕು. ಉಬ್ಬಿದರೆ ಸಮಾಧಾನ, ಉಬ್ಬದಿದ್ದರೆ ಹಂಚಿನ ಮುಂದೆ ಕೂತವಳಿಗೆ ಮಾತು. ಹತ್ತು ಜನರ ಮನೆಯಲ್ಲಿ ಇದು ಮೂವತ್ತು ನಲವತ್ತು ಸಲ ನಡೆಯಬೇಕು, ಅದೂ ಒಲೆಯ ಮುಂದೆ, ಮೇ ತಿಂಗಳಲ್ಲೂ. ನಮ್ಮ ಕಡೆ ವಯಸ್ಸಾದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಮಣಿಕಟ್ಟು, ಬಲ ರಟ್ಟೆ, ನಡ ನೋಯುವುದಿಲ್ಲ ಅನ್ನುವವರು ಸಿಗುವುದು ಕಡಿಮೆ.

ಬಡಿಯುವವಳು ಊಟಕ್ಕೆ ಕೂಡುವುದು ಕೊನೆಗೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಎಲ್ಲರಿಗೂ ಬಿಸಿ ಬಿಸಿ ಬಡಿದು ಹಾಕಿದವಳು ತಾನು ಉಣ್ಣುವ ಹೊತ್ತಿಗೆ ಅವಳ ರೊಟ್ಟಿ ಆರಿರುತ್ತದೆ. ಕಾಲ ಕಾಲದಿಂದ ಹೀಗೇ ನಡೆದು ಬಂದದ್ದರಿಂದ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ, ಅಷ್ಟೇ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಸಂಬಳವಿಲ್ಲದ ಈ ದುಡಿಮೆಗೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ 88ರ ಲೆಕ್ಕದಲ್ಲಿ ಸೇರಿಲ್ಲ, ಕೈ ಹಾಕುವವರ ಸರಾಸರಿಯೇ ಅಷ್ಟು. ರೊಟ್ಟಿ ತಿನ್ನುವ ಸೀಮೆಯಲ್ಲಿ ಆ 289ರಲ್ಲಿ ಒಂದು ದೊಡ್ಡ ಪಾಲು ಹಂಚಿನ ಮುಂದೆಯೇ ಹೋಗುತ್ತದೆ ಅಂತ ನನ್ನ ಅನುಭವ ಹೇಳುತ್ತದೆ. ಇವತ್ತು ಅದೇ ಹೆಣ್ಣುಮಗಳು ಬೆಳಿಗ್ಗೆ ಎಂಟಕ್ಕೆ ಧಾರವಾಡದ ಕಡೆಯ ಬಸ್ಸು ಹಿಡಿಯಬೇಕು, ಶಾಲೆಗೋ ಆಫೀಸಿಗೋ ಅಂಗಡಿಗೋ ಮುಟ್ಟಬೇಕು. ಹೊರಗಿನ ದುಡಿಮೆಯೂ ಬೇಕು, ಮನೆಯಲ್ಲಿ ಹಳೆಯ ಲೆಕ್ಕದಲ್ಲೇ ರೊಟ್ಟಿಯೂ ಬೇಕು ಅಂದರೆ ಅವಳು ನಿದ್ದೆ ಮಾಡುವುದು ಯಾವಾಗ?

ಇನ್ನೊಂದು ಮಾತು. ನಾವು ಬಿಟ್ಟುಕೊಡುತ್ತಿರುವುದು ಇದೇ ಮೊದಲಲ್ಲ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತು ಬೆಳಕು ಹರಿಯುವ ಮೊದಲೇ ಅವತ್ತಿನ ಹಿಟ್ಟು ಬೀಸುತ್ತಿದ್ದರು. ಹಿಟ್ಟಿನ ಗಿರಣಿ ಬಂದಾಗ ಹಿರಿಯರು ಒಪ್ಪಲಿಲ್ಲ. ಗಿರಣಿ ಹಿಟ್ಟು ಸುಟ್ಟಿರುತ್ತದೆ, ಕಸುವು ಹೋಗಿರುತ್ತದೆ, ಸೊಸೆಯಂದಿರು ಮೈಗಳ್ಳರಾಗುತ್ತಾರೆ ಅಂದರು. ನಮ್ಮ ತವರಿನಲ್ಲಿ, ಗದಗ ಕಡೆಯ ಹಳ್ಳಿಯಲ್ಲಿ, ಮುದುಕರೊಬ್ಬರು ಗಿರಣಿ ಹಿಟ್ಟಿನ ರೊಟ್ಟಿ ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದರಂತೆ, ಅವರೊಬ್ಬರಿಗಾಗಿ ಎಷ್ಟೋ ದಿನ ಬೇರೆ ಹಿಟ್ಟು ಬೀಸಿದರಂತೆ. ಕಲ್ಲು ಮೂಲೆ ಸೇರಿತು. ಬೀಸುವಾಗ ಹಾಡುತ್ತಿದ್ದ ಬೀಸುವ ಪದಗಳನ್ನು ಜಾನಪದದವರು ಊರೂರು ತಿರುಗಿ ಕೇಳಿ ಬರೆದಿಟ್ಟರು, ಅದು ದೊಡ್ಡ ಕೆಲಸ. ಇವತ್ತು ಯಾವ ಮನೆಯಲ್ಲೂ ಸೊಸೆಗೆ ನೀನು ಯಾಕೆ ಬೀಸುವುದಿಲ್ಲ ಅಂತ ಕೇಳುವುದಿಲ್ಲ ಅಲ್ವಾ? ಕೇಳಿದರೆ ಕೇಳಿದವರನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ. ಬೀಸುವುದನ್ನು ಬಿಟ್ಟ ಮೇಲೂ ನಾವು ರೊಟ್ಟಿ ತಿನ್ನುವ ಜನವಾಗಿಯೇ ಉಳಿದೆವು. ಬಡಿಯುವುದನ್ನು ಮನೆಯಿಂದ ಹೊರಗೆ ಕಳಿಸಿದರೂ ಹಾಗೇ ಉಳಿಯುತ್ತೇವೆ.

ಕೊಂಡ ರೊಟ್ಟಿ ಮನೆ ರೊಟ್ಟಿಯಾಗುತ್ತದೆಯೇ ಅನ್ನುತ್ತಾರೆ. ಖಾನಾವಳಿಯಲ್ಲಿ ಉಂಡವರು ಈ ಮಾತು ಹೇಳುವುದು ನನಗೆ ಅರ್ಥವಾಗುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಖಾನಾವಳಿ ನಿನ್ನೆ ಮೊನ್ನೆ ಬಂದದ್ದಲ್ಲ. ಕೋರ್ಟು ಕಚೇರಿಗೆ ಬಂದವರು, ಅಡತಿ ಅಂಗಡಿಗೆ ಮಾಲು ತಂದ ರೈತರು, ರೂಮು ಮಾಡಿಕೊಂಡು ಓದುವ ಹುಡುಗರು ಎಲ್ಲರೂ ದುಡ್ಡು ಕೊಟ್ಟು ರೊಟ್ಟಿ ಉಂಡೇ ದಿನ ಕಳೆದವರು. ಎಷ್ಟೋ ಖಾನಾವಳಿ ನಡೆದದ್ದೇ ಮನೆಯ ಹೆಣ್ಣುಮಕ್ಕಳ ರಟ್ಟೆಯ ಮೇಲೆ. ಧಾರವಾಡದ ಸಪ್ತಾಪುರದಲ್ಲಿ ಈಗ ಪರೀಕ್ಷೆಗೆ ಓದುವ ಮಕ್ಕಳನ್ನು ನೋಡಿ, ರಾಯಚೂರು, ಕೊಪ್ಪಳ, ವಿಜಯಪುರ ಎಲ್ಲ ಕಡೆಯಿಂದ ಬಂದಿರುತ್ತಾರೆ, ಊರಿಂದ ಬಂದ ಖಡಕ್ ರೊಟ್ಟಿ ಗಂಟು ಮುಗಿದ ಮೇಲೆ ಅವರಿಗೆ ಓಣಿಯ ಮೆಸ್ಸೇ ಗತಿ. ಆ ರೊಟ್ಟಿ ತಿಂದೇ ಪಿಎಸ್‌ಐ ಆಗುತ್ತಾರೆ, ಮೇಷ್ಟ್ರಾಗುತ್ತಾರೆ. ಹೊರಗೆ ಉಂಡಾಗ ಬಾರದ ಕೊರತೆ ಮನೆಗೆ ಕಟ್ಟಿಸಿಕೊಂಡು ಬಂದಾಗ ಮಾತ್ರ ಯಾಕೆ ಬರಬೇಕು?

ನಾನು ರೊಟ್ಟಿ ತರುವುದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ತಗಡಿನ ಶೆಡ್ಡು, ಸಾಲಾಗಿ ಒಲೆಗಳು, ಐದಾರು ಜನ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬರು ಬಡಿಯುವುದನ್ನು ನಿಂತು ನೋಡುವುದು ನನಗೆ ರೂಢಿಯಾಗಿದೆ. ಆಕೆ ಕಣ್ಣಿಟ್ಟು ನೋಡುವುದು ಕಡಿಮೆ, ಕಿವಿಯಿಂದಲೇ ಬಡಿಯುತ್ತಾರೆ. ಹಿಟ್ಟು ದಪ್ಪ ಇದ್ದಾಗ ಸದ್ದು ಮಂದವಾಗಿರುತ್ತದೆ, ತೆಳುವಾಗುತ್ತ ಬಂದ ಹಾಗೆ ಕೆಳಗಿನ ಹಲಗೆಯ ಸದ್ದು ಮೇಲೆ ಕೇಳತೊಡಗುತ್ತದೆ, ಅದು ಕೇಳಿದ ಕೂಡಲೇ ಕೈ ಅಂಚಿಗೆ ಹೋಗುತ್ತದೆ. ಪಕ್ಕದವರ ಜೊತೆ ಮಗಳ ಶಾಲೆ ಫೀಯಿನ ಮಾತು ನಡೆದೇ ಇರುತ್ತದೆ, ಒಂದು ರೊಟ್ಟಿಯೂ ಸೊಟ್ಟ ಬರುವುದಿಲ್ಲ. ಒಂದು ಸಲ ನಾನು ಕೇಳಿದೆ, ಮನೆಯಲ್ಲೂ ಬಡಿದು ಇಲ್ಲೂ ಬಡಿಯುವುದು ಬೇಸರ ಅನಿಸುವುದಿಲ್ಲವೇ ಅಂತ. ಆಕೆ ಅಂದರು: "ಮನ್ಯಾಗ ಬಡಿದಾಗ ಯಾರೂ ಏನೂ ಅಂತಿರ್ಲಿಲ್ರೀ ಅಕ್ಕಾ, ಕೆಟ್ಟರ ಅಷ್ಟ ಅಂತಿದ್ರು. ಇಲ್ಲೆ ರೊಕ್ಕಾನೂ ಕೊಡ್ತಾರ, ಚಲೋ ಆಗ್ಯಾವು ಅಂತನೂ ಅಂತಾರ." ಸಂಸ್ಕೃತಿ ಉಳಿಯಬೇಕು ಅನ್ನುವವರು ಈ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು. ಆ ವಿದ್ಯೆ ಸತ್ತಿಲ್ಲ. ಯಾರು ದುಡ್ಡು ಕೊಟ್ಟು ಗೌರವಿಸುತ್ತಾರೋ ಅಲ್ಲಿಗೆ ಹೋಗಿದೆ.

ಹಾಗಂತ ಏನೂ ಕಳೆದುಕೊಳ್ಳುತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಹಂಚಿನಿಂದ ಇಳಿದ ರೊಟ್ಟಿಯ ಮೇಲೆ ಬೆಣ್ಣೆ ಕರಗುವ ಮೊದಲೇ ಬಾಯಿಗೆ ಇಡುವ ಸುಖ ಕೊಂಡ ರೊಟ್ಟಿಯಲ್ಲಿ ಇಲ್ಲ. ಅದು ಹೋಯಿತು, ಅದಕ್ಕೆ ಬೇಸರ ಮಾಡಿಕೊಳ್ಳೋಣ, ತಪ್ಪೇನಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಇದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಜೋಳದ ಪರೀಕ್ಷೆ ಮಾಡುತ್ತಿದ್ದ ಕೈಗಳು ಕಡಿಮೆಯಾಗುತ್ತಿವೆ. ನಮ್ಮ ಅತ್ತೆಯವರು ಒಂದು ಹಿಡಿ ಹಿಟ್ಟು ನಾದಿದ ಕೂಡಲೇ ಹೇಳುತ್ತಿದ್ದರು, ಈ ಹಿಟ್ಟಿಗೆ ಜಿಗಿ ಇಲ್ಲ, ಬೀಸಿಸಿ ಬಹಳ ದಿನ ಆಗಿದೆ, ಅಥವಾ ಕಾಳೇ ಮಳೆಗೆ ಸಿಕ್ಕದ್ದು. ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ, ಕಹಿ ಬರುತ್ತದೆ, ಅದಕ್ಕೇ ನಮ್ಮವರು ಗಿರಣಿಗೆ ಸ್ವಲ್ಪ ಸ್ವಲ್ಪವೇ ಜೋಳ ಕಳಿಸುತ್ತಿದ್ದರು. ಮನೆಯಲ್ಲಿ ಯಾರೂ ಹಿಟ್ಟು ಮುಟ್ಟದೇ ಹೋದರೆ, ಬಿಳಿ ಕಾಣಲಿ ಅಂತ ಅಕ್ಕಿ ಹಿಟ್ಟು ಬೆರೆಸಿದರೂ ಗೊತ್ತಾಗುವುದಿಲ್ಲ, ಹಳೇ ಹಿಟ್ಟು ಹಾಕಿದರೂ ಗೊತ್ತಾಗುವುದಿಲ್ಲ. ಈ ತಿಳಿವಳಿಕೆಯನ್ನು ಬಿಟ್ಟುಕೊಡಬಾರದು. ಕೊಳ್ಳುವವರಿಗೂ ಇದು ಬೇಕು, ಮಾರುವವರಿಗಂತೂ ಬೇಕೇ ಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯ ಇದೆ. ಇಬ್ಬರೂ ಕೂಡಿ ಹಿರಿಯ ಹೆಣ್ಣುಮಕ್ಕಳ ಮುಂದೆ ಕೂತು ಕಾಳು, ಹಿಟ್ಟು, ಎಸರು, ಹಂಚಿನ ಕಾವಿನ ಬಗ್ಗೆ ಅವರು ಹೇಳುವುದನ್ನೆಲ್ಲ ಬರೆದುಕೊಳ್ಳಲಿ, ವಿಡಿಯೋ ಮಾಡಿಕೊಳ್ಳಲಿ. ಬೀಸುವ ಪದಗಳಿಗೆ ಸಿಕ್ಕ ಪ್ರೀತಿ ಇದಕ್ಕೂ ಸಿಗಲಿ, ಅದೂ ಅವರು ಇರುವಾಗಲೇ.

ಜೋಳದ ವಿಷಯ ಬಂದದ್ದರಿಂದ ಹೇಳುತ್ತೇನೆ, ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತರೆ ಜೋಳ ಬೆಳೆಯುವುದೂ ನಿಲ್ಲುತ್ತದೆ ಅನ್ನುವ ಭಯ ಕೆಲವರಿಗಿದೆ. ಜೋಳ ಕಡಿಮೆಯಾದದ್ದಕ್ಕೆ ಕಾರಣ ಅಡುಗೆಮನೆಯಲ್ಲಿ ಮಾತ್ರ ಇಲ್ಲ. ಹಾವೇರಿ ಕಡೆ ಹೊಲ ತುಂಬ ಗೋವಿನಜೋಳ (ಮೆಕ್ಕೆಜೋಳ), ಹತ್ತಿ. ನವಲಗುಂದ, ನರಗುಂದ, ರೋಣದ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಜಾಸ್ತಿ. ಕೂಲಿ, ಮಳೆ, ಮಾರುಕಟ್ಟೆ ಎಲ್ಲ ಲೆಕ್ಕ ಹಾಕಿಯೇ ರೈತ ಬಿತ್ತುತ್ತಾನೆ. ಕೇಂದ್ರ ಸರ್ಕಾರ 2025–26ಕ್ಕೆ ಮಾಲದಂಡಿ ತಳಿಯ ಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ ಬೆಂಬಲ ಬೆಲೆ ಹೇಳಿತ್ತು, ಆದರೆ ಬೆಲೆ ಕಾಗದದಲ್ಲಿ ಇದ್ದರೆ ಸಾಲದು, ಕೊಳ್ಳುವವರು ಬೇಕು. ರೊಟ್ಟಿ ಬಡಿದು ಮಾರುವ ರೊಟ್ಟಿ ಕೇಂದ್ರಗಳೇ ಆ ಕೊಳ್ಳುವವರಾಗಬಹುದು. ಜೋಳಕ್ಕೆ ನಿಜವಾದ ಪೆಟ್ಟು ಬೀಳುವುದು ಬಡಿಯಲು ಆಗುವುದಿಲ್ಲ ಅಂತ ಮನೆಯವರು ಪ್ಯಾಕೆಟ್ ಚಪಾತಿಗೆ, ಬ್ರೆಡ್ಡಿಗೆ, ಮೂರು ಹೊತ್ತು ಅನ್ನಕ್ಕೆ ಹೋದಾಗ. ಓಣಿಯಲ್ಲೇ ಒಳ್ಳೆಯ ರೊಟ್ಟಿ ಸಿಕ್ಕರೆ ಅವರು ಯಾಕೆ ಅತ್ತ ಹೋಗುತ್ತಾರೆ? ನಮ್ಮ ಮನೆಯ ಮೊಮ್ಮಕ್ಕಳು ಈಗಲೂ ಝುಣಕದ ವಡೆ, ಶೇಂಗಾ ಚಟ್ನಿ, ಎಣ್ಣೆಗಾಯಿ ಜೊತೆ ರೊಟ್ಟಿಯನ್ನೇ ಕೇಳುತ್ತಾರೆ. ಬಡಿದವರು ಯಾರು ಅಂತ ಅವರು ಕೇಳಿಲ್ಲ.

ಯಂತ್ರದ ಬಗ್ಗೆಯೂ ಒಂದು ಮಾತು. ಯಂತ್ರದ ರೊಟ್ಟಿ ನನಗೆ ಅಷ್ಟು ಹಿಡಿಸಿಲ್ಲ, ಎಲ್ಲ ಒಂದೇ ಸಮ ಇರುತ್ತವೆ, ಪದರ ಬಿಡುವುದು ಕಡಿಮೆ. ಆದರೂ ಯಂತ್ರ ಬೇಡ ಅನ್ನುವ ಹಕ್ಕು ದಿನಾ ನೂರಾರು ರೊಟ್ಟಿ ಬಡಿಯುವವರಿಗೆ ಇದೆ, ತಿನ್ನುವ ನನಗಿಲ್ಲ. ಅವರ ರಟ್ಟೆ ಉಳಿಯುವುದಾದರೆ ಯಂತ್ರ ಬರಲಿ. ಸಣ್ಣ ಆಹಾರ ಉದ್ಯಮಗಳಿಗೆ ಅಂತ 2020ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ ಸಹಾಯಧನ ಇಟ್ಟರು. ಉಳಿದದ್ದು ಸ್ವಲ್ಪ ಸ್ವಂತ ಹಣ, ಮಿಕ್ಕದ್ದು ಬ್ಯಾಂಕ್ ಸಾಲ. ತಗಡಿನ ಶೆಡ್ಡಿನಲ್ಲಿ ಕೂತವರಿಗೆ ಇಂಥ ಸಹಾಯಧನಕ್ಕೆ ಅರ್ಜಿ ಎಲ್ಲಿ ಹಾಕಬೇಕು, ಏನೇನು ಕಾಗದ ಬೇಕು ಅಂತ ಓಣಿಗೆ ಬಂದು ಹೇಳುವವರು ಬೇಕು. ಸ್ವಸಹಾಯ ಸಂಘದವರು, ಪಾಲಿಕೆ ಸದಸ್ಯರು ಈ ಕೆಲಸ ಮಾಡಬಹುದು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ ಮೇಲಿದ್ದ ಶೇ 5ರ ಜಿಎಸ್‌ಟಿ ತೆಗೆದದ್ದು ಒಳ್ಳೆಯದಾಯಿತು. ಶಕ್ತಿ ಯೋಜನೆ ಬಂದ ಮೇಲೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬುಟ್ಟಿ ತೆಗೆದುಕೊಂಡು ಶಹರಕ್ಕೆ ಬರುವ ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಉಳಿದಿದೆ. ಇನ್ನು ಗಿರಾಕಿಗಳಾದ ನಾವು ಒಂದು ರೂಪಾಯಿಗೆ ಚೌಕಾಸಿ ಮಾಡುವುದನ್ನು ಬಿಡಬೇಕು. ಹೋಟೆಲಿನಲ್ಲಿ ರೋಟಿಗೆ ಕೇಳಿದಷ್ಟು ಕೊಟ್ಟು, ಟಿಪ್ಸೂ ಇಟ್ಟು ಬರುವವರು ಬುಟ್ಟಿ ಹೊತ್ತು ಬಂದವರ ಹತ್ತಿರ ಎರಡು ರೊಟ್ಟಿ ಜಾಸ್ತಿ ಹಾಕು ಅಂತ ಜಗ್ಗಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಬ್ಬದ ರೊಟ್ಟಿಯ ಮಾತೇ ಬೇರೆ. ನಾಗರಪಂಚಮಿಗೆ ಮೊದಲು ರೊಟ್ಟಿ ಪಂಚಮಿ ಅಂತ ನಾವು ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಥರಥರದ ಪಲ್ಯ, ಚಟ್ನಿ ಮಾಡಿ ಓಣಿಯ ಮನೆಮನೆಗೆ ಬೀರುತ್ತೇವೆ. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಕೊಡುತ್ತೇವೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಹೋದವರಿಗೆ ಗೊತ್ತು, ಸುತ್ತಲಿನ ಹಳ್ಳಿಗಳ ಮನೆಮನೆಯಿಂದ ರೊಟ್ಟಿ ಬರುತ್ತದೆ, ಯಾವ ಜಾತಿ ಅಂತ ಕೇಳದೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ ಭಾಜಿ ಉಣ್ಣುತ್ತಾರೆ. ಇಂಥ ದಿನಗಳಲ್ಲಿ ಬಡಿಯಲು ನಮಗೆ ಬೇಸರವಿಲ್ಲ. ಐದಾರು ಮನೆಯವರು ಒಂದೇ ಕಡೆ ಕೂಡಿ, ಮಾತಾಡುತ್ತ ನಗುತ್ತ ಬಡಿಯುತ್ತೇವೆ, ದಣಿವು ಗೊತ್ತೇ ಆಗುವುದಿಲ್ಲ. ನಮ್ಮ ಸೊಸೆ ವರ್ಷವಿಡೀ ರೊಟ್ಟಿ ಬಡಿಯುವುದಿಲ್ಲ, ಪಂಚಮಿಗೆ ಮಾತ್ರ ತಾನೇ ಮುಂದೆ ಬಂದು ಹಂಚು ಇಡುತ್ತಾಳೆ. ಮೊದಲೆರಡು ರೊಟ್ಟಿ ಹರಿಯುತ್ತವೆ, ಆಮೇಲೆ ಕೈ ಕೂಡುತ್ತದೆ. ಮಗನೂ ಬಡಿಯಲು ಕಲಿತಿದ್ದಾನೆ, ಅವನದು ಸ್ವಲ್ಪ ದಪ್ಪ ಬರುತ್ತದೆ, ಆದರೆ ಉಬ್ಬುತ್ತದೆ. ದಿನದ ಜುಲುಮೆ ಹೋದ ಮೇಲೆ ಇಬ್ಬರಿಗೂ ಅದರ ಮೇಲೆ ಪ್ರೀತಿ ಬಂದಿದೆ ಅಂತ ನನಗೆ ಅನಿಸುತ್ತದೆ.

ಹೆಣ್ಣು ನೋಡಲು ಹೋದವರು "ರೊಟ್ಟಿ ಬಡೀಲಿಕ್ಕೆ ಬರ್ತದೇನವಾ?" ಅಂತ ಇವತ್ತಿಗೂ ಕೇಳುತ್ತಾರೆ. ಇಂಜಿನಿಯರಿಂಗ್ ಓದಿದ ಹುಡುಗಿಯನ್ನೂ ಕೇಳುತ್ತಾರೆ, ನರ್ಸ್ ಕೆಲಸದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಚಹಾದ ತಟ್ಟೆ ಹಿಡಿದ ಹುಡುಗಿಯನ್ನೂ ಕೇಳುತ್ತಾರೆ. ಆ ಪ್ರಶ್ನೆ ಇನ್ನು ಸಾಕು. ನನ್ನ ವಯಸ್ಸಿನ ಅತ್ತೆಯಂದಿರಲ್ಲಿ ನಾನು ಕೈ ಮುಗಿದು ಕೇಳುತ್ತೇನೆ, ನಮ್ಮ ಮಣಿಕಟ್ಟು ನೋಯುತ್ತಿದ್ದದ್ದು ನಮಗೆ ನೆನಪಿದೆ, ಆ ನೋವನ್ನು ಸೊಸೆಯ ಕೈಗೆ ದಾಟಿಸುವುದು ಬೇಡ. ನಾವು ಮಾಡಿದ್ದೇವೆ, ಅವರೂ ಮಾಡಲಿ ಅನ್ನುವ ಮಾತು ಬಾಯಿಗೆ ಬಂದರೆ ಅಲ್ಲೇ ತಡೆಯೋಣ. ಪತ್ರ ಬರೆದ ಓದುಗರಿಗೂ ಒಂದು ವಿನಂತಿ. ನಿಮಗೆ ಮನೆಯ ಬಿಸಿ ರೊಟ್ಟಿ ಬೇಕೇ ಬೇಕು ಅನಿಸಿದರೆ ದಯವಿಟ್ಟು ಹಂಚಿನ ಮುಂದೆ ನೀವೂ ಬನ್ನಿ. ಹೊಸ ಹಿಟ್ಟು ತನ್ನಿ, ಎಸರು ಕೊತ ಕೊತ ಕುದಿಯಲಿ, ಮೊದಲು ಸಣ್ಣ ಉಂಡೆ ಹಿಡಿಯಿರಿ, ಅಂಚು ಹರಿದರೆ ಬೆರಳಿನಿಂದ ಕೂಡಿಸಿ ಬಡಿಯಿರಿ. ಕಲಿಸುವವರು ನಿಮ್ಮ ಮನೆಯಲ್ಲೇ ಇರುತ್ತಾರೆ, ಕೇಳಿದರೆ ಸಂತೋಷದಿಂದ ಕಲಿಸುತ್ತಾರೆ.

ಸಂಪಾದಕರೆ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಪಂಚಮಿ ಹೊತ್ತಿಗೆ ಪತ್ರಿಕೆಗಳಲ್ಲಿ ಹಬ್ಬದ ಅಡುಗೆಯ ಫೋಟೊ ಬರುತ್ತವೆ. ಈ ಸಲ ಹುಬ್ಬಳ್ಳಿ–ಧಾರವಾಡ, ಗದಗ–ಬೆಟಗೇರಿ, ಹಾವೇರಿಯ ರೊಟ್ಟಿ ಕೇಂದ್ರಗಳಿಗೆ ನಿಮ್ಮ ವರದಿಗಾರರನ್ನು ಕಳಿಸಿ. ಅಲ್ಲಿ ಕೂತವರ ಜೊತೆ ಮಾತಾಡಿಸಿ, ಅವರು ಒಪ್ಪಿದರೆ ಹೆಸರು, ಓಣಿ, ಫೋನ್ ನಂಬರ್ ಹಾಕಿ. ಜೋಳ ಎಲ್ಲಿಂದ ತರುತ್ತಾರೆ, ಒಂದು ರೊಟ್ಟಿಗೆ ಏನು ಖರ್ಚು ಬೀಳುತ್ತದೆ, ಅವರ ಕೈಗೆ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಬರೆಸಿ. ಅವರ ಬಾಕಿ ಕೊಡದೆ ತಿಂಗಳುಗಟ್ಟಲೆ ತಿರುಗಾಡಿಸುವ ಮೆಸ್ಸು, ಹೋಟೆಲುಗಳವರೂ ಅದನ್ನು ಓದಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಹುಬ್ಬಳ್ಳಿ